ಭಾಗೀರತ್ತೆಯ ಹೆಪ್ಪು

ಮನೆತನದ ಬಗ್ಗೆ ಹೆಮ್ಮೆ ಪಡುವವರನ್ನು ನೋಡಿದ್ದೇನೆ, ಜೋಡಿ ಎತ್ತಿನ ಬಗ್ಗೆ ಪಡುವವರನ್ನೂ ನೋಡಿದ್ದೇನೆ. ನನ್ನ ಹೆಮ್ಮೆ ಸ್ವಲ್ಪ ಬೇರೆ ಥರದ್ದು. ನನ್ನ ಹೊಟ್ಟೆಯಲ್ಲಿ ಸೊರಬ ಸೀಮೆಯ ಒಳ್ಳೇ ವಂಶದ ಕ್ರಿಮಿಗಳು ವಾಸವಾಗಿವೆ. ಇದು ನಾಲ್ಕು ಜನರೆದುರು ಆಡುವ ಮಾತಲ್ಲ ಎಂದು ಹೆಂಡತಿ ಶಾರದೆ ಗದರಿಸುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಟೈಫಾಯ್ಡ್ ಜ್ವರ ಬಂತು. ಡಾಕ್ಟರು ಹೊಸದಾಗಿ ಬಂದಿದ್ದ ಕ್ಯಾಪ್ಸೂಲು ಕೊಟ್ಟರು, ಜ್ವರ ಓಡಿಹೋಯಿತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೆ? ಜ್ವರ ತಂದದ್ದು ಬ್ಯಾಕ್ಟೀರಿಯಾ, ಮೊಸರಿನಲ್ಲಿರುವುದೂ ಬ್ಯಾಕ್ಟೀರಿಯಾ, ಆದ್ದರಿಂದ ಮನೆಯೊಳಗೆ ಇನ್ನು ಮೊಸರು ಕೂಡದು ಎಂದು ಸಾರಿದೆ. ಮಜ್ಜಿಗೆಗೂ ದೋಸೆಯ ಹುಳಿಹಿಟ್ಟಿಗೂ ಅದೇ ಬಹಿಷ್ಕಾರ. ತರ್ಕದಲ್ಲಿ ನನ್ನನ್ನು ಸೋಲಿಸಲಾಗದೆ ಶಾರದೆ ಹೆಪ್ಪಿನ ಬಟ್ಟಲನ್ನು ತೊಳೆದು ಬೋರಲು ಹಾಕಿದಳು.

ಎರಡು ತಿಂಗಳಲ್ಲಿ ನನ್ನ ಹೊಟ್ಟೆ ಯಾವುದನ್ನೂ ಒಪ್ಪದಾಯಿತು. ಅದಾದರೂ ಹೋಗಲಿ, ಮನಸ್ಸಿಗೂ ಮಂಕು ಕವಿಯಿತು. ಮಾತು ಬೇಡ, ಸ್ನಾನ ಬೇಡ, ಪಾಠ ಬೇಡ. ಮೂವತ್ತೆಂಟರ ನಾನು ಜಗಲಿಯ ಕಂಬಕ್ಕೆ ಒರಗಿ ಎಂಬತ್ತರವನಂತೆ ಕೂರುತ್ತಿದ್ದೆ. ಒಂದು ದಿನ ಕೆಲಸಕ್ಕೆ ರಾಜೀನಾಮೆಯನ್ನೂ ಬರೆದಿಟ್ಟೆ. ಶಾರದೆ ಅದನ್ನು ಓದಿ, ಮಡಿಸಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಸೊರಬದ ಹತ್ತಿರ ಹೊಸಬಾಳೆಯಲ್ಲಿದ್ದ ನನ್ನ ಸೋದರತ್ತೆ, ಭಾಗೀರತ್ತೆಗೆ ಕಾಗದ ಹಾಕಿದಳು.

ಎಪ್ಪತ್ತು ದಾಟಿದ ಅತ್ತೆ ಮಡಿಲಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದಿಳಿದಳು. ಗಡಿಗೆಯನ್ನು ಬಸ್ಸಿನ ಮೇಲೆ ಹಾಕಿ ಎಂದ ಕಂಡಕ್ಟರಿಗೆ, "ನಿನ್ನ ಟೋಪಿ ಬೇಕಾದ್ರೆ ಮೇಲಿಡು, ಇದು ಇಲ್ಲೇ ಇರ್ತದೆ" ಅಂದಿದ್ದಳಂತೆ. ಜಗಲಿ ಹತ್ತಿದವಳೇ ನನ್ನ ಮುಖ ನೋಡಿದಳು.

"ಎಂತದೋ ರಾಮು ಇದು? ನಿಮ್ಮಪ್ಪ ಸಾಯೋ ಹೊತ್ತಿಗೂ ಇಷ್ಟು ಮುದುಕ ಆಗಿರ್ಲಿಲ್ಲ."

"ಅತ್ತೆ, ಆ ಗಡಿಗೇಲಿ ಕೋಟಿಗಟ್ಟಲೆ ಕ್ರಿಮಿ ಇವೆ."

"ಇರ್ಲಿ ಬಿಡೋ. ನಮ್ಮಜ್ಜಿ ಕಾಲದಿಂದ ನಮ್ಮನೇಲೇ ಇರೋವು. ಹೊರಗಿನವಲ್ಲ. ಕುಡಿ."

ಕುಡಿದೆ. ವಾದಿಸಲೂ ಬೇಸರವಾಗುವಷ್ಟು ಮಂಕಾಗಿದ್ದುದೇ ಒಳ್ಳೆಯದಾಯಿತು. ದಿನಕ್ಕೆ ಮೂರು ಲೋಟ ಮಜ್ಜಿಗೆ, ಊಟಕ್ಕೆ ಮೊಸರನ್ನ. ಹದಿನೈದು ದಿನಕ್ಕೆ ಹೊಟ್ಟೆ ನೆಟ್ಟಗಾಯಿತು. ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ನಾನು ಹಾಡಿದೆನಂತೆ. ನನಗೆ ಅದರ ಅರಿವೇ ಇಲ್ಲ. ಅದನ್ನು ಕೇಳಿ ಶಾರದೆ ಒಲೆಯ ಮುಂದೆ ಕೂತು ಅತ್ತಳೆಂದು ಅತ್ತೆ ಹೇಳಿದಳು. ಆ ದಿನದ ಒಲೆ ಹೊತ್ತಿಸಿದ್ದು ನನ್ನ ರಾಜೀನಾಮೆಯಿಂದ ಎಂಬುದು ಆಮೇಲೆ ತಿಳಿಯಿತು.

ಡಾಕ್ಟರನ್ನು ಕೇಳಿದೆ. "ಕ್ಯಾಪ್ಸೂಲು ಕೆಟ್ಟವನ್ನೂ ಕೊಲ್ತೈತಿ, ಒಳ್ಳೇವನ್ನೂ ಕೊಲ್ತೈತಿ ಮೇಷ್ಟ್ರೇ," ಎಂದರು. "ಒಳ್ಳೇವು ವಾಪಸ್ ಬರೋಣ ಅಂದ್ರೆ ನೀವು ಬಾಗಿಲು ಹಾಕ್ಕೊಂಡು ಕೂತಿದ್ರಿ. ಹೊಟ್ಟೆಗೂ ಮನಸ್ಸಿಗೂ ಎಂಥದೋ ನಂಟು ಐತ್ರೀ. ಏನಂತ ನಮಗೂ ಪೂರ್ತಿ ಗೊತ್ತಿಲ್ಲ. ಮೊಸರು ಉಣ್ಣೋರಿಗೆ ಮುಪ್ಪು ತಡ ಅನ್ನೋ ಪಂಡಿತರೂ ಇದಾರೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು."

ನಂಬದೆ ಏನು ಮಾಡಲಿ? ಎಪ್ಪತ್ತು ದಾಟಿದ ಸಾಕ್ಷಿ ನಮ್ಮ ಮನೆಯಲ್ಲೇ ಹಿತ್ತಲಿಂದ ಬೀದಿಗೆ ಓಡಾಡುತ್ತಿತ್ತು. ಬೀದಿಯ ನಾಲ್ಕು ಮನೆಗೆ ಅತ್ತೆಯ ಹೆಪ್ಪನ್ನು ನಾನೇ ಹೊತ್ತು ಹಂಚಿದೆ.

ಅತ್ತೆಯನ್ನು ಊರಿಗೆ ಬಿಡಲು ಹೋದಾಗ, ಅವಳು ಚಂದ್ರಗುತ್ತಿಯ ಅಮ್ಮನವರ ಗುಡಿಗೂ ಹೋಗಿಬರೋಣ ಎಂದಳು. ಗುಡ್ಡ ಹತ್ತಬೇಕು, ಕೈ ಹಿಡಿದು ನಡೆಸಬೇಕಾದೀತೆಂದು ಸಿದ್ಧನಾಗಿದ್ದೆ. ಅರ್ಧ ದಾರಿಯಲ್ಲಿ ತಲೆಯೆತ್ತಿ ನೋಡಿದರೆ ಅವಳ ಸೆರಗು ಮೇಲಿನ ತಿರುವಿನಲ್ಲಿ ಮರೆಯಾಗುತ್ತಿತ್ತು. ನಾನು ತುದಿ ಮುಟ್ಟುವಾಗ ಅವಳು ಗುರುತಿಲ್ಲದ ನಾಲ್ಕಾರು ಹೆಂಗಸರನ್ನು ಸುತ್ತ ಕೂರಿಸಿಕೊಂಡಿದ್ದಳು.

"ಅಗಾ, ಬಂದ! ನಮ್ಮಣ್ಣನ ಮಗ. ವಿಜ್ಞಾನದ ಮೇಷ್ಟ್ರು. ಇವನಿಗೆ ಗೊತ್ತಿಲ್ಲದ್ದು ಅಂತ ಲೋಕದಾಗೆ ಎಂತದೂ ಇಲ್ಲ."

ಅವರೆಲ್ಲ ಎದ್ದು ಕೈ ಮುಗಿದರು. ಹಾಗೇನಿಲ್ಲ ಎಂದು ಹೇಳಬೇಕೆಂದಿದ್ದೆ, ನಿಜವಾಗಿಯೂ. ಅಷ್ಟಕ್ಕೆ ಬೇಕಾದ ಉಸಿರು ನನ್ನಲ್ಲಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ನಿಂತೆ.

"ಎಷ್ಟು ವಿನಯ ನೋಡೇ," ಎಂದಳು ಅವರಲ್ಲೊಬ್ಬಳು ಪಕ್ಕದವಳಿಗೆ.