ಕಾಲು ನೋಡಿದ ಮೇಲೆ ಫ್ಯೂಜು

ಕರೆಂಟಿನ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಕಂಬದ ಮೇಲೆ ಏನೂ ಇರುವುದಿಲ್ಲ. ಕೆಳಗೆ ದಿನಕ್ಕೊಂದು ಇರುತ್ತಿತ್ತು.

ಸಿಂಧನೂರು, ಮಸ್ಕಿ ಕಡೆ ನಾನು ಲೈನ್‌ಮನ್ ಆಗಿದ್ದೆ. ನನಗೊಬ್ಬ ಜೋಡಿದಾರ. ನಮ್ಮದು ಒಂದೇ ನೇಮ. ಒಬ್ಬ ಕಂಬ ಹತ್ತುವ ಮುಂಚೆ ಇನ್ನೊಬ್ಬ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತು ಚೀಲಕ್ಕೆ ಹಾಕಿಕೊಳ್ಳಬೇಕು. ಹತ್ತಿದವನ ಕಾಲು ನೆಲದ ಮೇಲಿರುವುದನ್ನು ಕಣ್ಣಾರೆ ನೋಡುವ ತನಕ, ಯಾರು ಹೇಳಿದರೂ ತಿರುಗಿ ಹಾಕಬಾರದು. ತಪ್ಪಿದರೆ ಒಂದು ಜೀವ ಹೋಗುತ್ತದೆ.

ಬಳಗಾನೂರಿನ ಮಿರ್ಚಿ

ನಾಟಿ ಹಂಗಾಮು. ಜೋಡಿದಾರ ಊರಾಚೆಯ ಕಂಬದ ಮೇಲೆ, ನಾನು ಟ್ರಾನ್ಸ್‌ಫಾರ್ಮರಿನ ಬಳಿ. ಪಂಪು ನಿಂತ ರೈತರು ನನ್ನನ್ನು ಸುತ್ತುವರಿದರು.

“ನಿಮ್ಮಾಂವ ಇಳದಾನ್ರೀ, ಹಾಕ್ರಿ.”

“ತೋರ್ಸು.”

“ನಮ್ಮ ಮ್ಯಾಲ ನಂಬಿಕಿ ಇಲ್ಲೇನು?”

“ನಿನ್ನ ಮ್ಯಾಲ ಐತಿ. ಕರೆಂಟಿನ ಮ್ಯಾಲ ಇಲ್ಲ.”

ಬೈದುಕೊಂಡು ಹೋದರು. ಬೈಕಿನ ಮೇಲೆ ಇಬ್ಬರ ನಡುವೆ ಅವನನ್ನು ಕೂರಿಸಿಕೊಂಡು ಬಂದರು. ಸೊಂಟದಲ್ಲಿ ಬೆಲ್ಟು, ಕೈಯಲ್ಲಿ ಮಿರ್ಚಿ ಭಜಿ. ಇಳಿದವನೇ ಹೋಟೆಲ್ಲಿಗೆ ಹೋಗಿದ್ದ.

“ಲೇ, ಕಾಲು ನೆಲಕ್ಕ ಇಡು,” ಅಂದೆ.

“ಕಾಲಷ್ಟ ಬೇಕಿದ್ರ ಕಾಲಷ್ಟ ತರಸಬೇಕಿತ್ತು. ಭಜಿ ಆರಾಕತ್ತೈತಿ.”

ಪಾಮನಕಲ್ಲೂರಿನ ಅಜ್ಜಿ

ಅಲ್ಲಿ ಹಿಟ್ಟಿನ ಗಿರಣಿ ನಿಂತಿತ್ತು. ಜೋಳದ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಅವತ್ತು ಹತ್ತುವ ಸರದಿ ನನ್ನದು. ಗ್ಲೌಸು ಹರಿದಿದೆಯೇ ಎಂದು ತಿರುಗಿಸಿ ನೋಡಿದೆ. ಕಂಬ ಹತ್ತಿ, ಫ್ಯೂಜು ಕಿತ್ತಿದ್ದರೂ ತಂತಿಗೆ ಟೆಸ್ಟರು ಹಿಡಿದೆ. ಆಮೇಲೆ, ತಪ್ಪಿ ಕರೆಂಟು ಬಂದರೂ ನೆಲಕ್ಕಿಳಿಯಲಿ ಎಂದು ಅರ್ಥಿಂಗ್ ಹಾಕಿದೆ.

“ಯಪ್ಪಾ, ನಿಂದು ಮದುವಿ ಆಗೈತೇನು?”

“ಯಾಕಬೇ ಯವ್ವಾ?”

“ಆಗಿರಬೇಕು ಬಿಡು. ಮನ್ಯಾಗ ಅಂಜೂದು ಕಲ್ತಾಂವನ ಹೊರಗ ಇಷ್ಟು ಅಂಜತಾನ.”

ಕೆಳಗೆ ಜೋಡಿದಾರ ನಕ್ಕು ನಕ್ಕು ನೆಲಕ್ಕೆ ಕೂತ. ಚೀಲ ಮಾತ್ರ ಬಿಡಲಿಲ್ಲ.

ಸಿಂಧನೂರಿನ ಫ್ಯಾನು

ಹೋದ ವರ್ಷ ಜೋಡಿದಾರ ತೀರಿಕೊಂಡ. ವಯಸ್ಸಾಗಿ, ಹಾಸಿಗೆಯ ಮೇಲೆ. ನಮ್ಮ ಕೆಲಸದವರಿಗೆ ಅದು ದೊಡ್ಡ ಮಾತು. ಇನ್ನು ನನ್ನ ಕಾಲು ನೋಡುವವರಿಲ್ಲ ಅಂದುಕೊಂಡೆ.

ಈ ಬೇಸಿಗೆಯಲ್ಲಿ ಮನೆಯ ಫ್ಯಾನು ನಿಂತಿತು. ಹೆಂಡತಿ ಲಿಂಗಸುಗೂರಿಗೆ, ತಂಗಿಯ ಮನೆಗೆ ಹೊರಟಿದ್ದಳು.

“ನಾ ಬರೋ ತನಕ ಸ್ಟೂಲ್ ಹತ್ತಬ್ಯಾಡ್ರಿ.”

“ಹೂಂ,” ಅಂದೆ.

ಬಸ್ಸು ದೂರ ಹೋಗಲಿ ಎಂದು ಕಾದೆ. ಸ್ಟೂಲು ತಂದಿಟ್ಟೆ. ಫ್ಯೂಜು ಕೀಳಲು ಬೋರ್ಡಿನ ಹತ್ತಿರ ಹೋದೆ. ಫ್ಯೂಜೇ ಇರಲಿಲ್ಲ. ಫೋನು ಮಾಡಿದೆ.

“ಫ್ಯೂಜ್ ಎಲ್ಲೈತಿ?”

“ನನ್ನ ಚೀಲದಾಗ. ಬಸ್ ಮಸ್ಕಿ ದಾಟೈತಿ. ನಿಮ್ಮ ಹೂಂ ನನಗ ಗೊತ್ತಿಲ್ಲೇನು?”

“ನಾ ಹತ್ತೇ ಇಲ್ಲ. ನೆಲದ ಮ್ಯಾಲ ಅದೀನಿ.”

“ತೋರ್ಸ್ರಿ.”

ನಿಂತಲ್ಲೇ ಎರಡೂ ಕಾಲಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ. ತಿರುಗಿ ಫೋನು ಬಂತು.

“ಕಾಲು ನೆಲದ ಮ್ಯಾಲ ಅದಾವ, ಖರೆ. ಬಾಜೂಕ ಆ ಸ್ಟೂಲ್ ಯಾಕ ನಿಂತೈತ್ರೀ?”