ಮಾವನ ಚಿಂತೆಗೆ ಭಾನುವಾರದ ರಜೆ ಇಲ್ಲ

ನನ್ನ ಸೋದರಮಾವನ ತೋಟದಲ್ಲಿ ಕಾಫಿ, ಮೆಣಸು, ಏಲಕ್ಕಿ ಮೂರೂ ಇದ್ದವು. ಆದರೆ ಯಾವ ವರ್ಷವೂ ಕೈಕೊಡದ ಬೆಳೆ ಅಂತ ಇದ್ದದ್ದು ಒಂದೇ, ಅದು ಚಿಂತೆ! ಅದಕ್ಕೆ ಗೊಬ್ಬರ ಬೇಡ, ನೆರಳು ಬೇಡ, ಕಾಂಡ ಕೊರೆಯುವ ಹುಳದ ಕಾಟವೂ ಇಲ್ಲ. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಾರದಿದ್ದರೆ "ಮೊಗ್ಗು ಒಣಗ್ತದಲ್ಲ" ಎಂದು ಚಿಂತೆ. ಬಂದರೆ "ಇದರ ಬೆನ್ನಿಗೆ ಇನ್ನೊಂದು ಮಳೆ ಬರಬೇಕಲ್ಲ, ಬಾರದೆ ಹೋದ್ರೆ?" ಎಂದು ಚಿಂತೆ. ಆಲ್ದೂರಿಗೆ ಹೋಗುವ ಬಸ್ಸು ಹತ್ತಿದರೆ ಡ್ರೈವರನ ಬೆನ್ನ ಹಿಂದಿನ ಸೀಟೇ ಆಗಬೇಕು. ಯಾಕೆ ಹೇಳಿ? ತಿರುವು ಬಂದಾಗಲೆಲ್ಲ "ತಿರುವು ಇದೆ ಮಾರಾಯಾ" ಎಂದು ಅವನಿಗೆ ನೆನಪಿಸುವುದಕ್ಕೆ! ಅದೇ ರಸ್ತೆಯಲ್ಲಿ ಬಸ್ಸು ಬಿಟ್ಟೂ ಬಿಟ್ಟೂ ತಲೆ ನರೆತಿದ್ದ ಆ ಪುಣ್ಯಾತ್ಮ ಒಂದು ದಿನ, "ಹೌದಾ ಅಯ್ಯಾ? ನೀವು ಹೇಳಿದ್ದು ಒಳ್ಳೇದಾಯ್ತು, ನಾನು ಸೀದಾ ಹೋಗಾಣ ಅಂತಿದ್ದೆ" ಎಂದನಂತೆ. ಮಾವ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದರು. "ಕೇಳಿದ್ಯಾ? ನಾನಿಲ್ದಿದ್ರೆ ಏನಾಗ್ತಿತ್ತು!"

ಕಾರಣವೇ ಇಲ್ಲದೆ ಇಷ್ಟು ಚಿಂತಿಸುವವರಿಗೆ ಒಂದು ನಿಜವಾದ ಕಾರಣ ಸಿಕ್ಕಿಬಿಟ್ಟರೆ?

ಸಿಕ್ಕಿತು. ತೊಂಬತ್ತರ ದಶಕದ ನಡುಮಧ್ಯ, ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದಿದ್ದ ಕಾಲ. ಸುತ್ತಮುತ್ತಲಿನವರೆಲ್ಲ ಜೀಪು ಕೊಳ್ಳುವುದರಲ್ಲಿ, ಮನೆಗೆ ಮೊಸಾಯಿಕ್ ಹಾಕಿಸುವುದರಲ್ಲಿ ಮುಳುಗಿದ್ದರು. ಕಾಫಿ ಹಣ್ಣು ಕುಯ್ಯಲು ಬಂದ ತಾಯಂದಿರು ಕೂಸುಗಳನ್ನು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ, ನಾಲ್ಕು ವರ್ಷದ ಅಕ್ಕನನ್ನೋ ಅಣ್ಣನನ್ನೋ ಕಾವಲಿಗೆ ಕೂರಿಸಿ, ತಮ್ಮ ತಮ್ಮ ಸಾಲು ಹಿಡಿದು ಹೋಗುವುದು ನಮ್ಮ ಕಡೆಯ ರೂಢಿ. ಒಂದು ಮಧ್ಯಾಹ್ನ ಮಾವ ತೋಟ ಸುತ್ತುತ್ತ ಬಂದು ನೋಡುತ್ತಾರೆ, ಜೋಲಿ ಖಾಲಿ! ಕಾವಲಿಗಿದ್ದ ಹುಡುಗಿಯೂ ಇಲ್ಲ. ಕುಯ್ಲು ನಿಂತಿತು, ಹಣ್ಣಿನ ಬುಟ್ಟಿಗಳು ಉರುಳಿದವು, ತಾಯಿ ಮಕ್ಕಳ ಹೆಸರು ಹಿಡಿದು ಕೂಗುತ್ತ ಗಿಡಗಳ ನಡುವೆ ಓಡಿದಳು. ಹಳ್ಳದ ದಾರಿ ಹಿಡಿದ ಮಾವನಿಗೇ ಮೊದಲು ಕಂಡದ್ದು. ಕೂಸನ್ನು ಸೊಂಟದಿಂದ ಜಾರಿಸಿಕೊಂಡು, ಅದರ ಮೂಗು ತೊಳೆಯಲೆಂದು ಆ ಹುಡುಗಿ ಪಾಚಿಗಟ್ಟಿದ ಬಂಡೆಯ ಮೇಲಿಂದ ನೀರಿಗೆ ಬಗ್ಗಿದ್ದಳು. ಮಾವ ಕೂಗಲಿಲ್ಲ. ಕೂಗಿದರೆ ಬೆಚ್ಚಿ ಜಾರಿಯಾಳು ಎಂದು ಉಸಿರು ಬಿಗಿ ಹಿಡಿದು ಹಿಂದಿನಿಂದ ಹೋಗಿ ಇಬ್ಬರನ್ನೂ ಬಾಚಿಕೊಂಡರು.

ಮನೆಗೆ ಬಂದ ಮಾವ ಕಾಫಿ ಮುಟ್ಟಲಿಲ್ಲ. "ಸಿಕ್ಕಿದ್ರಲ್ಲ, ಇನ್ನೆಂಥ ಯೋಚನೆ?" ಅಂದರು ಅತ್ತೆ.

"ಇವತ್ತು ಸಿಕ್ಕಿದ್ರು. ನಾಳೆ?"

ಅತ್ತೆ ಆರಿದ ಕಾಫಿಯನ್ನು ಮತ್ತೆ ಬಿಸಿಮಾಡಲು ಒಳಗೆ ಒಯ್ದರು.

ಮಾವ ಮೂಡಿಗೆರೆಯ ಶಿಶು ಅಭಿವೃದ್ಧಿ ಕಚೇರಿಗೆ ಅಲೆಯತೊಡಗಿದರು. ಊರಿಗೊಂದು ಅಂಗನವಾಡಿ ಬೇಕು, ಎಲ್ಲಾ ಮಕ್ಕಳಿಗೂ ಬೇಕು, ಕುಯ್ಲು ಮುಗಿಯುವುದರೊಳಗೇ ಬೇಕು. ಇವರ ಚಿಂತೆಯನ್ನು ಕೇಳಿ ಕೇಳಿ ಅಲ್ಲಿಯ ಅಧಿಕಾರಿಗಳಿಗೂ ಅದು ಅಂಟಿಕೊಂಡಿರಬೇಕು! ಕೊನೆಗೆ, "ಕೊಡ್ತೀವಿ ಸ್ವಾಮಿ. ಜಾಗ ನೀವು ತೋರಿಸಿ. ಆದ್ರೆ ಮಕ್ಕಳು ಬರಬೇಕು. ನಮ್ಮ ಮೇಡಂ ಬಂದು ನೋಡಿದಾಗ ಖಾಲಿ ಇದ್ರೆ ಬೇರೆ ಊರಿಗೆ ಕೊಟ್ಬಿಡ್ತೀವಿ" ಎಂದರು.

ಜಾಗ ಹುಡುಕುವುದು ಹೇಗೆ? ಬೇರೆಯವರಾದರೆ ನಿಂತು ನೋಡುತ್ತಿದ್ದರು. ಮಾವ ಕೂತು ನೋಡಿದರು! ಮೂರು ವರ್ಷದ ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು, ಕಪ್ಪೆಯ ಹಾಗೆ ಮುಂದುಮುಂದಕ್ಕೆ ಸರಿಯುತ್ತ ಊರೆಲ್ಲ ಸುತ್ತಿದರು. ಬೇಲಿಯ ತಡಮೆ ದಾಟುವಾಗ ಪಂಚೆ ಸಿಕ್ಕಿಕೊಂಡಿತು. ಹಳ್ಳದ ಮೇಲಿನ ಕಾಲುಸಂಕವನ್ನು ತೆವಳಿಕೊಂಡು ದಾಟಿದರು. ಎದುರಿಗೆ ಸಿಕ್ಕ ಮೇಸ್ತ್ರಿ ಗಾಬರಿಯಾಗಿ ತಾನೂ ಪಕ್ಕದಲ್ಲಿ ಕೂತು ನೆಲ ನೋಡಿದ.

"ಎಂಥ ಕಳ್ಕೊಂಡ್ರಿ ಅಯ್ಯಾ?"

"ಇನ್ನೂ ಕಳ್ಕೊಂಡಿಲ್ಲ ಮಾರಾಯಾ. ಕಳ್ಕೋಬಾರ್ದು ಅಂತ್ಲೇ ನೋಡ್ತಿದೀನಿ!"

"ಸೊಂಟ ಹಿಡ್ಕೊಂಡ್ರೆ ನಾನು ಎಣ್ಣೆ ತಿಕ್ಕೋದಿಲ್ಲ, ಈಗ್ಲೇ ಹೇಳಿದೀನಿ" ಎಂದು ಅತ್ತೆ ಎಚ್ಚರಿಸಿದ್ದರು. ಸೊಂಟ ಹಿಡಿಯಿತು, ಅತ್ತೆ ಎಣ್ಣೆಯನ್ನೂ ತಿಕ್ಕಿದರು. ಆದರೆ ಜಾಗ ಸಿಕ್ಕಿತ್ತು. ಕೂಲಿಯವರ ಲೈನುಮನೆಗಳಿಗೂ ಊರಿಗೂ ನಡುವೆ, ಯಾವ ಕಡೆಯಿಂದ ಬಂದರೂ ಹಳ್ಳ ದಾಟಬೇಕಿಲ್ಲದ ಒಂದೇ ಒಂದು ಕಟ್ಟಡವಿತ್ತು. ಅದು ಪಕ್ಕದ ಎಸ್ಟೇಟಿನ ಸಾಹುಕಾರರ ಹಳೇ ಗೋಡೌನು.

ಮಾವ ಬೆಳಗಾದರೆ ಸಾಹುಕಾರರ ಜಗಲಿಯಲ್ಲಿ ಹಾಜರು. ಕೂತು ಸುಮ್ಮನಿರುತ್ತಾರಾ? "ನಿಮ್ಮ ತೊಲೆಗೆ ಗೆದ್ದಲು ಹತ್ತಿದೆಯಾ ಹೇಗೆ?", "ನಾಯಿ ಯಾಕೋ ಮಂಕಾಗಿದೆಯಲ್ಲ?", "ನಿಮ್ಮ ಕಣ್ಣು ಸ್ವಲ್ಪ ಹಳದಿ ಕಾಣ್ತದಲ್ಲ?" ಸಾಹುಕಾರರು ಕನ್ನಡಿ ನೋಡಿಕೊಂಡು ಬಂದು ಕೈಮುಗಿದರು.

"ಗೋಡೌನು ತಗೊಳ್ಳಿ ಮಾರಾಯ್ರೇ! ಲೈನಿನ ಮಕ್ಕಳಿಗೆ ಒಳ್ಳೇದಾಗ್ಲಿ."

"ಲೈನಿನ ಮಕ್ಕಳು ಮಾತ್ರ ಅಲ್ಲ. ನಿಮ್ಮ ಮೊಮ್ಮಗನೂ ಬರಬೇಕು."

ಸಾಹುಕಾರರು ನಕ್ಕುಬಿಟ್ಟರು. "ಅವ್ನನ್ನ ಕಾನ್ವೆಂಟಿಗೆ ಸೇರಿಸ್ತೀವಿ. ಜೀಪಿದೆಯಲ್ಲ, ಹೋಗಿ ಬರ್ತಾನೆ."

"ಹಾಗಲ್ಲ. ನಿಮ್ಮ ಮೊಮ್ಮಗನೂ ಅಲ್ಲೇ ಉಪ್ಪಿಟ್ಟು ತಿಂದ್ರೆ ಆ ರವೆಗೆ ಹುಳ ಬೀಳೋದಿಲ್ಲ. ನಿಮ್ಮ ಮೊಮ್ಮಗನೂ ಅದೇ ಮಾಡಿನ ಕೆಳಗೆ ಕೂತ್ರೆ ಆ ಹೆಂಚು ಸೋರೋದಿಲ್ಲ. ಬಡವರ ಮಕ್ಕಳಿಗೆ ಅಂತಷ್ಟೇ ಮಾಡಿದ್ದನ್ನ ಯಾರು ನೋಡ್ತಾರೆ ಹೇಳಿ?"

ಇಷ್ಟು ಗಟ್ಟಿಯಾದ ಮಾತನ್ನು ಮಾವ ಜೀವಮಾನದಲ್ಲಿ ಆಡಿರಲಿಲ್ಲ. ಸಾಹುಕಾರರು ಮಾತ್ರ ಜಗ್ಗಲಿಲ್ಲ. ಮಾವ ಏಳುತ್ತ ಏಳುತ್ತ ತಮ್ಮ ಸಹಜ ಧ್ವನಿಗೆ ಮರಳಿದರು. "ಜೀಪಲ್ಲಿ ಅಂದ್ರಾ? ಕೆಳಗಿನ ತಿರುವಿನ ಮೋರಿ ಕುಸಿದಿದೆ, ನೋಡಿದ್ದೀರಾ? ಮಂಜು ಬಿದ್ದಾಗ ಎದುರಿನ ಲಾರಿ ಕಾಣ್ತದಾ? ಹಿಂದಿನ ಬಾಗಿಲ ಚಿಲಕ ಗಟ್ಟಿ ಇದೆಯಲ್ಲ?"

ಕಾಫಿ ತಂದ ಸಾಹುಕಾರರ ಹೆಂಡತಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಅಂಗನವಾಡಿ ಶುರುವಾದ ಬುಧವಾರ ಎಲ್ಲರಿಗಿಂತ ಮೊದಲು ಬಂದು ಕೂತವನು ಅವರ ಮೊಮ್ಮಗ!

ಶುರುವಾದರೆ ಚಿಂತೆ ಮುಗಿಯಿತೆಂದುಕೊಂಡಿರಾ? ಉಪ್ಪಿಟ್ಟಿನ ಮೊದಲ ಸೌಟು ಮಾವನ ಬಾಯಿಗೇ ಬೀಳಬೇಕು. ತಿಂದು, ಕಣ್ಣುಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ತಮಗೆ ಏನಾಗುತ್ತದೆಂದು ಕಾಯುತ್ತ ಕೂರುವರು. ಏನೂ ಆಗದು. ಅಷ್ಟರಲ್ಲಿ ಮಕ್ಕಳು ಹಸಿವಿನಿಂದ ಕಿರುಚತೊಡಗುವರು. "ಅಯ್ಯಾ, ನೀವು ಸಾಯೋದನ್ನ ಕಾಯ್ತಾ ಕೂತ್ರೆ ಮಕ್ಕಳು ಮೊದ್ಲು ಹೋಗ್ತಾವೆ" ಎಂದು ಪಕ್ಕದೂರಿನಿಂದ ಬರುತ್ತಿದ್ದ ಟೀಚರಮ್ಮ ತಟ್ಟೆ ಹಂಚಿಬಿಡುತ್ತಿದ್ದಳು.

ಅಂಗನವಾಡಿ ಶುರುವಾದ ಮೇಲೆ ಬಂದ ಮೊದಲ ಭಾನುವಾರ ಮಾವ ಹೊರನಾಡಿನಲ್ಲಿ ಮದುವೆಯ ಊಟಕ್ಕೆ ಹೋಗಿದ್ದರು. ಮಂಗಳವಾರ ಬೆಳಿಗ್ಗೆ ಹೇಳದೆ ಕೇಳದೆ ಮೇಡಂ ಬಂದಿಳಿದರು. ಮಾವ ಪಂಚೆ ಸರಿಪಡಿಸಿಕೊಳ್ಳುತ್ತ ಓಡಿಹೋಗಿ ನೋಡಿದರೆ, ಹೊರಗೆ ಸಾಹುಕಾರರ ಜೀಪು ನಿಂತಿದೆ, ಒಳಗೆ ಅಷ್ಟು ದೊಡ್ಡ ಗೋಡೌನಿನಲ್ಲಿ ಟೀಚರಮ್ಮನ ಎದುರು ಅವರ ಮೊಮ್ಮಗ ಒಬ್ಬನೇ ಕೂತಿದ್ದಾನೆ!

"ಇದೇನ್ರೀ? ಕೂಲಿ ಮಕ್ಕಳಿಗೆ ಅಂತ ಅಷ್ಟು ಓಡಾಡಿದ್ರಿ. ಇಲ್ಲಿ ಜೀಪಿರೋ ಮನೆ ಮಗು ಒಂದೇ ಕೂತಿದೆಯಲ್ಲ?"

ಮಾವ ಬಾಗಿಲಿಂದ ಇಣುಕಿ ಲೈನಿನ ದಾರಿ ನೋಡಿದರು. ಉತ್ತರ ಕೊಟ್ಟವನು ಮೊಮ್ಮಗ. "ಎಲ್ಲಾರೂ ಸಂತೆಗೆ ಹೋಗಿದಾರೆ. ನನ್ನೊಬ್ಬನ್ನೇ ಬಿಟ್ಟು ಹೋಗಿದಾರೆ" ಎಂದವನೇ ದೊಡ್ಡ ದನಿ ತೆಗೆದು ಅಳತೊಡಗಿದ.

ಮಾವ ತಲೆಯ ಮೇಲೆ ಕೈ ಹೊತ್ತುಕೊಂಡರು. ನಮ್ಮಲ್ಲಿ ತೋಟದ ಕೆಲಸಕ್ಕೆ ವಾರದ ರಜೆ ಭಾನುವಾರವಲ್ಲ, ಸಂತೆಯ ದಿನ. ನಮ್ಮ ಪೇಟೆಯ ಸಂತೆ ಮಂಗಳವಾರ. ಹಳ್ಳ ನೋಡಿದ್ದರು, ತಡಮೆ ನೋಡಿದ್ದರು, ರವೆ ನೋಡಿದ್ದರು, ವಾರ ನೋಡಿರಲಿಲ್ಲ! ಆ ಬೆಳಿಗ್ಗೆ ತಮ್ಮ ಆಳುಗಳಿಗೆ "ಸಂತೆಯಿಂದ ನಂಗೂ ಒಂದು ಕಟ್ಟು ಎಲೆ ತನ್ನಿ" ಎಂದು ಹೇಳಿ ಕಳಿಸಿದವರೂ ಅವರೇ. ಅಂದರೆ ತಾಯಂದಿರಿಗೆ ರಜೆಯಿರುವ ದಿನ ಅಂಗನವಾಡಿ ಬಾಗಿಲು ತೆರೆದು ಕೂತಿರುತ್ತದೆ. ಅವರು ಕುಯ್ಲಿಗೆ ಹೋಗುವ ಭಾನುವಾರ ಬೀಗ ಹಾಕಿಕೊಂಡಿರುತ್ತದೆ. ಮೊನ್ನೆಯ ಭಾನುವಾರ ತಾವು ಹೋಳಿಗೆ ತಿನ್ನುತ್ತಿದ್ದಾಗ ಮಕ್ಕಳೆಲ್ಲ ಮರದಡಿಗೇ ಹೋಗಿದ್ದವೆಂದು ಹೊಳೆದದ್ದೇ ಮಾವನ ಮುಖ ಬಿಳಿಚಿಕೊಂಡಿತು.

"ಮೇಡಂ, ನಮ್ಮ ಮಕ್ಕಳನ್ನ ಬೇರೆ ಊರಿಗೆ ಕೊಟ್ಬಿಡ್ಬೇಡಿ" ಎಂದರು. ಅಂಗನವಾಡಿ ಎನ್ನಲು ಹೋಗಿ ಬಾಯಿಂದ ಬಂದದ್ದು ಅದು. "ಸಂತೆಗೆ ಬನ್ನಿ, ಒಬ್ಬೊಬ್ರನ್ನೂ ತೋರಿಸ್ತೀನಿ."

ಸಾಹುಕಾರರ ಜೀಪಿನಲ್ಲಿ ಮೇಡಂ, ಟೀಚರಮ್ಮ, ಇನ್ನೂ ಬಿಕ್ಕುತ್ತಿದ್ದ ಮೊಮ್ಮಗ, ಮಾವ ಎಲ್ಲರೂ ಸಂತೆಗೆ ಹೊರಟರು. ಆ ದಾರಿಯಲ್ಲಿ ಮಾವ ಒಂದೇ ಒಂದು ತಿರುವನ್ನೂ ನೆನಪಿಸಲಿಲ್ಲವೆಂದರೆ ಅವರ ಅವಸ್ಥೆ ಊಹಿಸಿಕೊಳ್ಳಿ! ಸಂತೆಯಲ್ಲಿ ಟೀಚರಮ್ಮನನ್ನು ಕಂಡಿದ್ದೇ ತಡ, ಈರುಳ್ಳಿ ರಾಶಿಯ ಹಿಂದಿನಿಂದ ಒಂದು, ಒಣಮೀನಿನ ಬುಟ್ಟಿಯ ಪಕ್ಕದಿಂದ ಎರಡು, ಬಾಯ್ತುಂಬ ಜಿಲೇಬಿ ತುಂಬಿಕೊಂಡ ನಾಲ್ಕಾರು, ಹೀಗೆ ಮಕ್ಕಳು ಓಡಿ ಬಂದು ಮುತ್ತಿಕೊಂಡವು. ಟೀಚರು ಬಂದರೆಂದರೆ ಪ್ರಾರ್ಥನೆಯ ಹೊತ್ತೆಂದು ತಿಳಿದ ಒಬ್ಬ ಕೈಮುಗಿದು ರಾಗ ಎಳೆದ, ಉಳಿದವೂ ಶುರುಮಾಡಿದವು. ಒಬ್ಬ ತಾಯಿ ಹೆದರಿ ಓಡಿಬಂದಳು. "ನಾಳೆ ತಪ್ದೇ ಕಳಿಸ್ತೀನಿ ಅಯ್ಯಾ, ಹುಡ್ಕೊಂಡು ಬರಾದಾ? ಇವತ್ತು ರಜೆ ಅಲ್ವಾ?"

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇವತ್ತು ನಾನು ಬಂದೇ ಇಲ್ಲ ಅಂತಿಟ್ಕೊಳ್ಳಿ. ಗುರುವಾರ ಬರ್ತೀನಿ."

"ಗುರುವಾರ ಮಳೆ ಬಂದ್ರೆ ಮೇಡಂ?"

"ಕೊಡೆ ತರ್ತೀನಿ ಸ್ವಾಮಿ!"

ಗುರುವಾರ ಮಳೆ ಬರಲಿಲ್ಲ, ಮೇಡಂ ಬಂದರು, ತುಂಬಿದ ಗೋಡೌನು ನೋಡಿದರು. ಅಂಗನವಾಡಿ ನಮ್ಮ ಊರಿಗೇ ಉಳಿಯಿತು. "ಆದ್ರೆ ಭಾನುವಾರ ನನ್ನ ಕೈಲಿಲ್ಲ" ಎಂದರು ಮೇಡಂ. ತೋಟದ ರಜೆಯನ್ನೇ ಭಾನುವಾರಕ್ಕೆ ಬದಲಿಸೋಣವೆಂದರೆ ಸಾಹುಕಾರರು, "ಸಂತೆ ದಿನ ರಜೆ ಕೊಡದಿದ್ರೆ ಅವರು ಅಕ್ಕಿ ತರೋದು ಯಾವಾಗ ಮಾರಾಯ್ರೇ?" ಎಂದರು. ಇಬ್ಬರ ಮಾತೂ ಸರಿಯೇ. ನಡುವೆ ಉಳಿದದ್ದು ಭಾನುವಾರ, ಮತ್ತು ನಮ್ಮ ಮಾವ.

"ನಮ್ಮನೆ ಜಗಲಿ ಇಲ್ವಾ?" ಅಂದವರು ಅತ್ತೆ.

ಮುಂದೆ ನಾನು ಕೆಲಸ ಹಿಡಿದು ಚಿಕ್ಕಮಗಳೂರು ಸೇರಿದೆ. ಕೆಲವು ವರ್ಷ ಕಳೆದು, ಒಂದು ಕುಯ್ಲಿನ ಭಾನುವಾರ ಮಧ್ಯಾಹ್ನ ಮಾವನ ಮನೆಗೆ ಹೋದೆ. ಜಗಲಿಯ ತುಂಬ ಚಾಪೆಗಳು, ಚಾಪೆಗಳ ತುಂಬ ಮಕ್ಕಳು. ಊಟವಾದ ಮೇಲೆ ಮಲಗಿಸಿದ್ದರೆಂದು ಕಾಣುತ್ತದೆ, ಆದರೆ ಒಂದೂ ನಿದ್ದೆ ಮಾಡಿರಲಿಲ್ಲ. ಎಲ್ಲವೂ ಕಣ್ಣು ಬಿಟ್ಟುಕೊಂಡು, ಅಲುಗಾಡದೆ, ಉಸಿರನ್ನೂ ಮೆಲ್ಲಗೆ ಬಿಡುತ್ತ ಬಿದ್ದುಕೊಂಡಿದ್ದವು. ನಡುವೆ ಮಾವ. ಬಾಯಿ ತೆರೆದುಕೊಂಡು, ಹಣೆಯ ಗಂಟು ಸಡಿಲಿಸಿ, ಗಾಢ ನಿದ್ದೆಯಲ್ಲಿದ್ದರು.

"ಮಾವಾ" ಎನ್ನಲು ಬಾಯಿ ತೆರೆದೆ. ಒಳಗಿನಿಂದ ಅತ್ತೆ ಕೈಬೀಸಿ ತಡೆದರು. ಮಾವನ ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು, ಆ ವರ್ಷವೇ ಲೈನಿಗೆ ಬಂದವರ ಮಗಳಂತೆ. ತಾಯಂದಿರು ಕೂಸನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ ಮಾವನ ಎದೆಯ ಮೇಲೆ ಒಂದೇ ಸಮ ತಟ್ಟುತ್ತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ಸದ್ದು ಮಾಡ್ಬೇಡಿ. ನಿಲ್ಸಿದ್ರೆ ಅಜ್ಜ ಎದ್ಬಿಡ್ತಾರೆ."

"ಕೈ ನೋಯೋದಿಲ್ವಾ ಪುಟ್ಟಿ?"

ಅವಳು ತಟ್ಟುತ್ತಿದ್ದ ಕೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಲಯ ತಪ್ಪದ ಹಾಗೆ, ಬಹಳ ಜಾಗ್ರತೆಯಿಂದ, ಕೈ ಬದಲಾಯಿಸಿದಳು.