ಭಾವನ ಗಂಟಲು ಮತ್ತು ತಮ್ಮ ನಾಲ್ಕು ತಂತಿಗಳು

ಬೇಸ್ ಗಿಟಾರಿನ ತಂತಿ ಹಾಗೂ ಪಿಕಪ್ಪುಗಳನ್ನು ತಯಾರಿಸಿ ಲೋಕಕ್ಕೆಲ್ಲ ಸ್ಪಷ್ಟತೆ ಹಂಚುತ್ತಿರುವ ಕಂಪನಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕಾರ್ಖಾನೆಯೂ, ಅಲ್ಲಿ ಹಗಲಿಡೀ ಉಕ್ಕಿನ ಎಳೆಯ ಮೇಲೆ ಉಕ್ಕಿನ ಎಳೆ ಸುತ್ತುವ ಯಂತ್ರಗಳೂ ಕ್ಷೇಮವೆಂದು ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ಕಸಿದುಕೊಳ್ಳುವ ಧೈರ್ಯ ಮಾಡುತ್ತಿದ್ದೇನೆ. ನಾನು ವೃತ್ತಿಯಿಂದ ಲಿಫ್ಟ್ ರಿಪೇರಿಯವನು. ವಾರವೆಲ್ಲ ಆಸ್ಪತ್ರೆ, ಆಫೀಸುಗಳ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸಿ, ಶನಿವಾರ ಸಂಜೆ ಮಾತ್ರ ಒಂದು ಹೋಟೆಲಿನ ಮೂಲೆಯಲ್ಲಿ ನಿಂತು ಬೇಸ್ ಗಿಟಾರ್ ನುಡಿಸುತ್ತೇನೆ. ಬೇಸ್ ನುಡಿಸುವವನ ಪಾಡು ತಮಗೆ ತಿಳಿಯದ್ದೇನಲ್ಲ: ಅವನು ಅಲ್ಲಿದ್ದಾನೆಂದು ಊಟಕ್ಕೆ ಬಂದವರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅವನು ಬಾರದ ದಿನ ಮಾತ್ರ ಏನೋ ಕಡಿಮೆಯಾಗಿದೆಯಲ್ಲ ಎಂದುಕೊಂಡು ತಟ್ಟೆಗೆ ಇನ್ನಷ್ಟು ಉಪ್ಪು ಹಾಕಿಕೊಳ್ಳುತ್ತಾರೆ.

ನಮ್ಮ ತಂಡ ಚಿಕ್ಕದು. ಗಿಟಾರ್ ಹಲ್ಲಿನ ಡಾಕ್ಟರದು, ಡ್ರಮ್ಮು ಬೇಕರಿಯವನದು. ಹಾಡುವವರು ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ಈಚೆಗೆ ನಿವೃತ್ತರಾದವರು. ಅವರು ಯೌವನದಲ್ಲಿ ಹಾಡುತ್ತಿದ್ದ ಹಾಡುಗಳನ್ನೇ ಇಂದಿಗೂ ಹಾಡಿ, ಕೊನೆಯ ಹಾಡಿನ ಕೊನೆಯ ಚರಣದಲ್ಲಿ ಅತ್ಯಂತ ಮೇಲಿನ ಸ್ವರಕ್ಕೆ ಏರಿ, ಕಣ್ಣು ಮುಚ್ಚಿ ಅಲ್ಲೇ ಸ್ವಲ್ಪ ಹೊತ್ತು ನಿಂತು, ನೆಮ್ಮದಿಯಾಗಿ ಇಳಿದು ಬಂದು, "ವಯಸ್ಸು ಮೈಗಾಗಿದೆ ಕಣಯ್ಯ, ಗಂಟಲಿಗಾಗಿಲ್ಲ" ಎನ್ನುತ್ತಾರೆ. ಅವರಿಗೆ ಮಂಡಿ ನೋವಿದೆ, ಕನ್ನಡಕದ ನಂಬರು ಏರುತ್ತಲೇ ಇದೆ, ಹಲ್ಲುಗಳ ಸಂಗತಿಯನ್ನು ಗಿಟಾರಿನ ಡಾಕ್ಟರೇ ಹೇಳಬೇಕು. ಹೀಗಾಗಿ ಆ ಒಂದು ಸ್ವರವೇ ಅವರ ಪಾಲಿಗೆ ಉಳಿದ ಆಸ್ತಿ.

ಇನ್ನು ನನ್ನ ಬೇಸಿನ ವಿಷಯ. ಅದರ ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಿಗಿಮಾಡುವ ಬಿರಡೆ ತುಕ್ಕು ಹಿಡಿದು, ಕಚ್ಚಿಕೊಂಡು, ತಿರುಗುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಲವಂತ ಮಾಡಿದರೆ ಮುರಿದೀತೆಂದು ಯಾರೂ ಅದರ ತಂಟೆಗೆ ಹೋಗಲಿಲ್ಲ. ಬಿರಡೆ ತಿರುಗದ ಆ ತಂತಿಗೆ ನಾನು ಉಳಿದ ಮೂರು ತಂತಿಗಳ ಶ್ರುತಿ ಸೇರಿಸುವುದು, ನನ್ನ ಬೇಸಿಗೆ ಡಾಕ್ಟರು ತಮ್ಮ ಗಿಟಾರ್ ಸೇರಿಸಿಕೊಳ್ಳುವುದು, ಇಬ್ಬರಿಗೂ ಭಾವ ತಮ್ಮ ಧ್ವನಿ ಸೇರಿಸುವುದು ನಮ್ಮ ತಂಡದ ಪದ್ಧತಿಯಾಗಿ ಹೋಯಿತು. "ನಿನ್ನ ದಪ್ಪ ತಂತಿ ಒಂದ್ಸಲ ಮೀಟಪ್ಪ" ಎಂದು ಡಾಕ್ಟರು ಹೇಳಿದರೆ ಕಾರ್ಯಕ್ರಮ ಶುರುವಾಯಿತೆಂದೇ ಅರ್ಥ. ಮನೆಯಲ್ಲಿ ಗಡಿಯಾರ ಒಂದೇ ಇದ್ದರೆ ಅದು ಹಿಂದಿದೆಯೋ ಮುಂದಿದೆಯೋ ಎಂಬ ಜಗಳವೇ ಬರುವುದಿಲ್ಲ.

ಹೀಗೆ ಸುಖವಾಗಿದ್ದಾಗ ನನ್ನ ಪಿಕಪ್ಪು, ಅಂದರೆ ತಂತಿಗಳ ಕೆಳಗೆ ಕುಳಿತು ಅವುಗಳ ಕಂಪನವನ್ನು ಸ್ಪೀಕರಿಗೆ ದಾಟಿಸುವ ಅಯಸ್ಕಾಂತದ ಪೆಟ್ಟಿಗೆ, ಹಾಡಿನ ನಡುವೆಯೇ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟಿತು. ನಾನು ತಮ್ಮ ಕ್ಯಾಟಲಾಗು ತರಿಸಿಕೊಂಡೆ. ಮಾನ್ಯರೇ, ಅಂಥ ಕಾವ್ಯವನ್ನು ನಾನು ಶಾಲೆಯಲ್ಲೂ ಓದಿರಲಿಲ್ಲ. ಒರಟು ಸುತ್ತಿನ ತಂತಿ ಗುಡುಗುತ್ತದಂತೆ, ನುಣುಪು ಸುತ್ತಿನದು ನಿಟ್ಟುಸಿರು ಬಿಡುತ್ತದಂತೆ, ಇವೆರಡರ ನಡುವಿನದು ಯಾರ ಮನಸ್ಸನ್ನೂ ನೋಯಿಸುವುದಿಲ್ಲವಂತೆ. ಒಂದರ ಧ್ವನಿ ಬೆಚ್ಚಗಿದೆ, ಇನ್ನೊಂದರದು ಕಂದು ಬಣ್ಣದ್ದು, ಮತ್ತೊಂದು ಹಳೆಯ ಮರದ ಬೀರುವಿನ ಬಾಗಿಲು ತೆರೆದ ಹಾಗಿದೆ. ಒಂಟಿ ಸುರುಳಿಯ ಪಿಕಪ್ಪು ಹಾಕಿದರೆ ಧ್ವನಿ ತಿಳಿಯಾಗಿರುತ್ತದೆ, ಆದರೆ ಟ್ಯೂಬ್‌ಲೈಟು ಫ್ರಿಜ್ಜುಗಳೂ ತಮ್ಮ ಅಭಿಪ್ರಾಯ ಸೇರಿಸಿ ಗುಂಯ್ ಎನ್ನುತ್ತವೆ. ಜೋಡಿ ಸುರುಳಿಯದಾದರೆ ಅವು ಬಾಯಿ ಮುಚ್ಚುತ್ತವೆ. ಇದನ್ನೆಲ್ಲ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ದಿನವೂ ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಹೆಂಡತಿ, "ಒಂದು ಬಟ್ಟೆ ಆರಿಸೋಕೆ ನಾನು ಇಷ್ಟು ದಿನ ತಗೊಂಡಿದ್ರೆ ನೀವು ಅಂಗಡಿಯಲ್ಲೇ ಬಿಟ್ಟು ಬರ್ತಿದ್ರಿ" ಎಂದಳು.

ಕೊನೆಗೆ ಒರಟು ಸುತ್ತಿನ ಉಕ್ಕಿನ ತಂತಿಯನ್ನೂ ಜೋಡಿ ಸುರುಳಿಯ ಪಿಕಪ್ಪನ್ನೂ ಆರಿಸಿದೆ. ಆ ಪುಟದ ಅಡಿಯಲ್ಲಿ ತಾವು "ನಿಮ್ಮ ಬೇಸನ್ನು ಅದು ನಿಜವಾಗಿ ಇರುವಂತೆಯೇ ಕೇಳಿ" ಎಂದು ಅಚ್ಚು ಹಾಕಿಸಿದ್ದಿರಿ. ನಾನು ಮರುಳಾದದ್ದು ಆ ಮಾತಿಗೆ. ಮೂರನೇ ಮಹಡಿ ಎಂದು ದೀಪ ಹೊತ್ತಿದರೆ ಲಿಫ್ಟು ಮೂರನೇ ಮಹಡಿಯಲ್ಲೇ ನಿಂತಿರಬೇಕೆಂದು ದುಡಿಯುವ ನನ್ನಂಥವನಿಗೆ ನಿಜದಿಂದ ತೊಂದರೆಯಾದೀತೆಂದು ಹೇಗೆ ಹೊಳೆಯಬೇಕು?

ತಮ್ಮ ಸೇವಾಕೇಂದ್ರದ ತಜ್ಞರ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಅವರು ಬಿಲ್ಲಿನಂತೆ ಬಾಗಿದ್ದ ಬೇಸಿನ ಕತ್ತನ್ನು ಒಳಗಿನ ಸರಳು ತಿರುಗಿಸಿ ನೇರ ಮಾಡಿದರು, ಒತ್ತಿದರೆ ಬೆರಳು ನೋಯುವಷ್ಟು ಎತ್ತರದಲ್ಲಿದ್ದ ತಂತಿಗಳನ್ನು ಕೆಳಗಿಳಿಸಿದರು, ಕತ್ತಿನ ಮೇಲಿನ ಯಾವ ಮನೆಯಲ್ಲಿ ಒತ್ತಿದರೂ ಸ್ವರ ಕೂದಲೆಳೆಯಷ್ಟೂ ತಪ್ಪದಂತೆ ತಂತಿಗಳನ್ನು ಹೊತ್ತ ಕುದುರೆಗಳನ್ನು ಹಿಂದೆ ಮುಂದೆ ಸರಿಸಿದರು. ಹಳೆಯ ತಂತಿಗಳನ್ನು ಕತ್ತರಿಸಿ, ಸುರುಳಿ ಸುತ್ತಿ, ಕಸದ ಬುಟ್ಟಿಗೆ ಹಾಕಿದರು. ನಾನು ಕೇಳದಿದ್ದರೂ ಕಚ್ಚಿಕೊಂಡಿದ್ದ ಬಿರಡೆಗೆ ಎಣ್ಣೆ ಬಿಟ್ಟು ಸಲೀಸಾಗಿ ತಿರುಗುವಂತೆ ಮಾಡಿದರು. ಅಷ್ಟು ಸಾಲದೆಂಬಂತೆ, ಶ್ರುತಿ ಸರಿಯಿದ್ದರೆ ಹಸಿರಾಗಿ ತಪ್ಪಿದ್ದರೆ ಕೆಂಪಾಗಿ ಉರಿಯುವ ಒಂದು ಪುಟ್ಟ ಯಂತ್ರವನ್ನು ಕಂಪನಿಯ ಕಾಣಿಕೆಯೆಂದು ಕೈಗಿತ್ತರು. ಹಸಿರು ದೀಪ ನೋಡಿಕೊಂಡು ನಾನು ಮನೆಗೆ ಬಂದೆ.

ಅಭ್ಯಾಸಕ್ಕೆ ನಾವು ಸೇರುವುದು ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಡಾಕ್ಟರು ಎಂದಿನಂತೆ ದಪ್ಪ ತಂತಿ ಮೀಟಲು ಹೇಳಿದರು, ಮೀಟಿದೆ. ಕುರ್ಚಿಗಳು ಅದುರಿದವು. ನನಗೇ ನನ್ನ ಬೇಸು ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೇ ಮೊದಲು. ಡಾಕ್ಟರು ನನಗೆ ಸೇರಿಸಿಕೊಳ್ಳಲು ತಮ್ಮ ಗಿಟಾರಿನ ತಂತಿಗಳನ್ನು ಬಿಗಿ ಮಾಡಿದರು, ಇನ್ನೂ ಬಿಗಿ ಮಾಡಿದರು, ಒಂದು ತಂತಿ ಪಟ್ಟೆಂದು ಹರಿಯಿತು, ಹೊಸದು ಕಟ್ಟಿ ಮತ್ತೆ ಬಿಗಿ ಮಾಡಿದರು. ಭಾವ ಶುರು ಮಾಡಿದರು. ಕೊನೆಯ ಚರಣ ಬಂತು, ಅವರು ಏರಿದರು, ಕಣ್ಣು ಮುಚ್ಚಿದರು, ಧ್ವನಿ ಒಡೆಯಿತು. ನೀರು ಕುಡಿದು ಮತ್ತೆ ಏರಿದರು, ಮತ್ತೆ ಒಡೆಯಿತು. ಮೈಕನ್ನು ಬೈದರು, ಫ್ಯಾನು ಆಫ್ ಮಾಡಿಸಿದರು, ಇನ್ನೊಮ್ಮೆ ಏರಲು ಹೋಗಿ ಅರ್ಧಕ್ಕೇ ಕೆಮ್ಮಿದರು. ಆಮೇಲೆ ಹಲ್ಲುಗಳ ದೊಡ್ಡ ಚಿತ್ರಪಟದ ಕೆಳಗಿನ ಕುರ್ಚಿಯಲ್ಲಿ ಕುಳಿತು, "ಹೋಯ್ತು ಕಣಯ್ಯ, ನನ್ನ ಗಂಟಲು ಹೋಯ್ತು" ಎಂದರು. ಯಾರ ಹಾಡಿಗೂ ತಲೆಯೆತ್ತದ ಬೇಕರಿಯವನು ಕೂಡ ಕೋಲು ಕೆಳಗಿಟ್ಟು ಅವರ ಮುಖ ನೋಡಿದ.

ಅಂದಿನಿಂದ ಭಾವ ಗಡ್ಡ ಮಾಡಿಕೊಳ್ಳುವಾಗಲೂ ಹಾಡುವುದಿಲ್ಲ. ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, ಏನೂ ಆಗಿಲ್ಲ, ವಯಸ್ಸು ಅಷ್ಟೇ, ಎಂದು ಕಳಿಸಿದ್ದಾರೆ. ಭಾವನಿಗೆ ಏನಾದರೂ ಆಗಿದ್ದರೇ ವಾಸಿಯಿತ್ತು. ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ, "ಆ ಹಾಳು ತಂತಿ ಹಾಕಿಸಿದ ಮೇಲೇ ಅಣ್ಣ ಹೀಗಾದದ್ದು" ಎಂದಳು. ಸಿಟ್ಟಿಗೆ ಹೇಳಿದ ಮಾತು, ಆದರೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನಾನು ಮೊಬೈಲಿನಲ್ಲಿದ್ದ ಹಳೆಯ ಶನಿವಾರವೊಂದರ ಹಾಡನ್ನು ತಮ್ಮ ಕಾಣಿಕೆಯ ಯಂತ್ರಕ್ಕೆ ಕೇಳಿಸಿದೆ. ದೀಪ ಕೆಂಡದಂತೆ ಉರಿಯಿತು. ನಾವು ಒಂದು ಸ್ವರಕ್ಕಿಂತಲೂ ಹೆಚ್ಚು ಕೆಳಗಿದ್ದೆವು. ಆ ದಪ್ಪ ತಂತಿ ವರ್ಷ ವರ್ಷವೂ ಒಂದಿಷ್ಟು ಸಡಿಲಗೊಂಡು ಇಳಿದಿತ್ತು, ಅದರ ಜೊತೆ ಗಿಟಾರ್ ಇಳಿದಿತ್ತು, ಗಿಟಾರಿನ ಜೊತೆ ಭಾವನ ಧ್ವನಿ ಇಳಿದಿತ್ತು. ಕಿಟಕಿಯಿಲ್ಲದ ಲಿಫ್ಟು ಮೆಲ್ಲಗೆ ಇಳಿದರೆ ಒಳಗಿರುವವರಿಗೆ ತಿಳಿಯುವುದಿಲ್ಲ, ಬಾಗಿಲು ತೆರೆದಾಗಲೇ ಗೊತ್ತಾಗುವುದು. ತಾವು ಬಾಗಿಲು ತೆರೆದಿರಿ.

ಇದನ್ನು ಭಾವನಿಗೆ ಹೇಳಿಬಿಡಬಹುದಿತ್ತು. ಆದರೆ ನಿಮ್ಮ ಗಂಟಲು ಈಗ ಹೋದದ್ದಲ್ಲ, ಬಹಳ ಕಾಲದಿಂದ ಹೋಗುತ್ತಲೇ ಇದೆ ಎನ್ನುವುದು ಸಮಾಧಾನದ ಮಾತಲ್ಲ. ಮದುವೆಯಾದ ಹೊಸದರಲ್ಲಿ, ಹೆಂಡತಿಯ ಮನೆಯಲ್ಲಿ ಎಲ್ಲಿ ಕೂರಬೇಕು, ಕೈ ಎಲ್ಲಿಡಬೇಕು ಎಂದೇ ತಿಳಿಯದೆ ಗೋಡೆಗೆ ಆತು ನಿಂತಿದ್ದ ನನ್ನ ಕೈಗೆ ಈ ಬೇಸನ್ನು ಕೊಟ್ಟು, "ಇಲ್ಲಿ ನಿಂತ್ಕೊ, ನನ್ನ ಪಕ್ಕ" ಎಂದವರು ಭಾವ. ಆ ಮನುಷ್ಯ ಬಾಯಿ ಮುಚ್ಚಿಕೊಂಡು ಕುಳಿತಿರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಆದಕಾರಣ ತಮ್ಮಲ್ಲಿ ನಮ್ರನಾಗಿ ಬೇಡುವುದೇನೆಂದರೆ, ಹಾಡುವವರ ಹುಟ್ಟಿದ ದಿನಾಂಕ ತಿಳಿಸಿದರೆ ಅದಕ್ಕೆ ತಕ್ಕಂತೆ ವರ್ಷಕ್ಕಿಷ್ಟೆಂದು ಸದ್ದಿಲ್ಲದೆ ತಾನೇ ಇಳಿಯುವ ತಂತಿಯೊಂದನ್ನು ತಾವು ತಯಾರಿಸಬೇಕು. ಜೊತೆಗೆ, ಹೊರಗಿನವರ ತಪ್ಪನ್ನು ಎಷ್ಟು ಬೇಕಾದರೂ ಸ್ಪಷ್ಟವಾಗಿ ಹೇಳಿ, ಮನೆಯವರದನ್ನು ಮಾತ್ರ ನುಂಗಿಕೊಳ್ಳುವಷ್ಟು ಸಂಸ್ಕಾರವುಳ್ಳ ಪಿಕಪ್ಪು ಬೇಕು. ಅಲ್ಲಿಯವರೆಗೆ ತಮ್ಮ ಸೇವಾಕೇಂದ್ರದ ಕಸದ ಬುಟ್ಟಿ ಹುಡುಕಿಸಿ ನನ್ನ ಹಳೆಯ ತಂತಿಗಳನ್ನು ಹಿಂತಿರುಗಿಸುವುದು. ಅವನ್ನು ನಾನು ವಾಸನೆಯಿಂದಲೇ ಗುರುತಿಸಬಲ್ಲೆ. ಇದಾವುದೂ ಆಗದಿದ್ದರೆ ತಾವೇ ಖುದ್ದಾಗಿ ಬಂದು, ಭಾವನ ಮುಂದೆ ಕೈಕಟ್ಟಿ ನಿಂತು, ಧ್ವನಿ ಒಡೆದದ್ದು ಕಂಪನಿಯ ಉಕ್ಕಿನ ದೋಷವೆಂದು ಒಪ್ಪಿಕೊಳ್ಳುವುದು. ಮಾತು ತಾಂತ್ರಿಕವಾಗಿದ್ದು, ಏನೂ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು.

ತಮ್ಮ ಸರಕಿನಲ್ಲಿ ಒಂದೇ ಒಂದು ಕುಂದೂ ಸಿಗದೆ ಕಂಗೆಟ್ಟಿರುವ,

ತಮ್ಮ ವಿಶ್ವಾಸಿ,
ಮೂಲೆಯಲ್ಲಿ ನಿಲ್ಲುವ ಬೇಸಿನವನು

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುವ ಮುನ್ನ ಶನಿವಾರ ಬಂದುಬಿಟ್ಟಿತು. ತಮ್ಮ ತಜ್ಞರ ಎಣ್ಣೆಯ ಕೃಪೆಯಿಂದ ಬಿರಡೆ ಬೆಣ್ಣೆಯಂತೆ ತಿರುಗುವುದರಿಂದ, ಹೊರಡುವ ಮುಂಚೆ ನಾಲ್ಕೂ ತಂತಿಗಳನ್ನು ದೀಪ ಕೆಂಡವಾಗುವವರೆಗೆ ಇಳಿಸಿಕೊಂಡು ಹೋದೆ. ಡಾಕ್ಟರು ಎಂದಿನಂತೆ ಮರುಮಾತಿಲ್ಲದೆ ನನಗೆ ಸೇರಿಸಿಕೊಂಡರು. ಸುಮ್ಮನೆ ಕುಳಿತು ಕೇಳಿದರೆ ಸಾಕೆಂದು ನನ್ನ ಹೆಂಡತಿ ಎಳೆದು ತಂದಿದ್ದ ಭಾವ, ಕೊನೆಯ ಹಾಡಿಗೆ ತಾವೇ ಎದ್ದು ಬಂದು ಮೈಕು ಹಿಡಿದು, ಏರಿ, ಕಣ್ಣು ಮುಚ್ಚಿ, ಅಲ್ಲೇ ನಿಂತು, ಇಳಿದು ಬಂದರು. "ನೋಡಿದ್ಯಾ, ಹೊಸ ತಂತಿ ಪಳಗೋಕೆ ನಾಲ್ಕು ದಿನ ಬೇಕು ಅಷ್ಟೇ, ಗಂಟಲಿಗೇನಾಗಿದೆ" ಎಂದು ನನ್ನ ಬೆನ್ನು ತಟ್ಟಿ, ಕಂಪನಿಯವರಿಗೆ ಒಂದು ಮೆಚ್ಚುಗೆಯ ಪತ್ರ ಬರೆಯಬೇಕೆಂದು ಅಪ್ಪಣೆ ಮಾಡಿದ್ದಾರೆ. ಮೇಲಿನದನ್ನು ತಾವು ಹಾಗೆಂದೇ ಓದಿಕೊಳ್ಳತಕ್ಕದ್ದು. ತಮ್ಮ ಕಾಣಿಕೆಯ ಯಂತ್ರವನ್ನು ಇದರ ಜೊತೆ ಹಿಂತಿರುಗಿಸಿದ್ದೇನೆ. ಸುಳ್ಳು ಹೇಳಲು ಬಾರದೆಂಬುದನ್ನು ಬಿಟ್ಟರೆ ಅದರಲ್ಲಿ ಬೇರೆ ದೋಷವಿಲ್ಲ. ತಂತಿ ಇಳಿಸಿದ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೂ ನಾನು ಕೇಳುವ ಮುಂಚೆಯೇ ಯಂತ್ರವನ್ನು ಡಬ್ಬಿಯಲ್ಲಿಟ್ಟು, ಟೇಪು ಸುತ್ತಿ, ತಮ್ಮ ವಿಳಾಸ ಬರೆದವಳು ನನ್ನ ಹೆಂಡತಿ.